ಖಡು ಹಿಡದು ಕಲಿತ ಜಪಾನಿ ಅಡವಿ

ನಾ ಏನರ ಕಲಿಯಾಕ ಕುಂತ್ರ ಸುತ್ತಲಿನ ಮಂದಿಗೆ ನಗೂದ ಕೆಲಸ. ದಾಂಡೇಲ್ಯಾಗ ಒಂದು ಸಾ ಮಿಲ್ಲಿನಾಗ ದಿಮ್ಮಿ ಮ್ಯಾಲೆ ಖಡು, ಅಂದ್ರ ಸೀಮೆಸುಣ್ಣ, ಹಿಡದು ನಂಬರ್ ಬರಿಯೂ ಗುಮಾಸ್ತ ನಾನು. ಇಲ್ಲೇ ಹೊಳಿ ದಂಡಿ ಮೌಳಂಗಿಗೆ ಹಕ್ಕಿ ನೋಡಾಕ ಬಂದಿದ್ದ ಜಪಾನಿ ಯಜಮಾನ್ರೊಬ್ರು ಉಸುಕಿನಾಗ 木 ಅಂತ ಬರದು ಗಿಡ ತೋರಿಸಿದ್ರು. ಅಕ್ಷರ ನೋಡಿದ್ರ ಗಿಡಾನ ನಿಂತಂಗ ಐತಿ. ಇಷ್ಟು ಸಸಾರ ಇದ್ರ ನಾ ಬಿಡ್ತೇನೇನು? ಅವತ್ತ ಮೊಬೈಲ್‌ನಾಗ ಪಾಠ ಚಾಲೂ ಮಾಡಿದೆ. ಅದರಿಂದ ಒಮ್ಮೆ ನೌಕರೀನೂ ಹೋಗೂದಿತ್ತು. ಅದನ್ನ ಕಡೀಕ ಹೇಳ್ತೇನಿ.

ಮಿಸ್ತ್ರಿಯ ಹಿತ್ತಲ

ಮಿಲ್ಲಿನ ಕೊರೆಯೂ ಮಿಸ್ತ್ರಿಗೆ ತೋರಿಸಿದೆ. ಒಂದು ಬರದ್ರ ಗಿಡ, ಎರಡು ಬರದ್ರ ತೋಪು, ಮೂರು ಕೂಡಿಸಿದ್ರ 森, ದಟ್ಟ ಅಡವಿ. ಅವರು ಗರಗಸ ಬಂದ್ ಮಾಡಿ ಮೂರೂ ಗಿಡ ಬೆರಳಿಟ್ಟು ಎಣಿಸಿದ್ರು.

"ಇದನ್ನ ಫಾರೆಸ್ಟ್‌ನವ್ರಿಗೆ ಮಾತ್ರ ಕಲಿಸಬ್ಯಾಡ್ರಿ. ನಮ್ಮ ಹಿತ್ತಲದಾಗ ನಾಕು ತೆಂಗಿನ ಗಿಡ ಅದಾವು."

ಮಾವನ ತೀರ್ಪು

ಮಳಗಿ ಊರಿಂದ ನಮ್ಮ ಮಾವ ಬಂದಿದ್ರು. 田 ಅಂತ ಬರದು, ಇದು ಗದ್ದಿ ಅಂದೆ. ಚೌಕದೊಳಗ ಅಡ್ಡ ಒಂದು ಬದು, ಉದ್ದ ಒಂದು ಬದು. ಮಾವ ಕನ್ನಡಕ ಏರಿಸಿ, ನಾಕು ಮಂದಿ ಅಣ್ಣತಮ್ಮಂದಿರು ಪಾಲ ಮಾಡ್ಕೊಂಡಾರೇನು ಅಂತ ಕೇಳಿದ್ರು. ಹಂಗ ತಿಳ್ಕೋರಿ ಅಂದೆ.

"ಒಬ್ಬನ ಪಾಲಿಗೂ ಚಕ್ಕಡಿ ಹಾದಿ ಬಿಟ್ಟಿಲ್ಲಲ್ಲ ಅಳಿಯಂದ್ರ. ಇದು ಕೋರ್ಟಿಗೆ ಹೋಗೂದ."

ಸೊಟ್ಟ ದಿಮ್ಮಿಗಳು

ಹಿಂದಿನ ಶೆಡ್ಡಿನಾಗ ಯಾರೂ ಕೇಳದ ಸೊಟ್ಟ ದಿಮ್ಮಿಗಳ ರಾಶಿ ಇತ್ತು. ಒಂದು ಮಧ್ಯಾಹ್ನ ಕರೆಂಟ್ ಹೋತು. ಸುಮ್ಮನ ಕೂಡೂದು ನನ್ನ ಜಾಯಮಾನ ಅಲ್ಲ. ಒಂದೊಂದರ ಮ್ಯಾಲೂ ಬೆಟ್ಟ, ಹೊಳಿ, ಮಳಿ ಅಂತ ದಪ್ಪಗ ಜಪಾನಿ ಅಕ್ಷರ ಬರದು ಕೈ ಪಳಗಿಸಿದೆ. ಒರಸೂದು ಮರತೆ.

ಮರುದಿನ ಹಳಿಯಾಳದ ಇಬ್ಬರು ವ್ಯಾಪಾರಿಗಳು ಅದನ್ನ ನೋಡಿ, ಇದು ಪರದೇಶಕ್ಕ ಆರಿಸಿಟ್ಟ ಮಾಲು, ನಮಗ ಇದ ಬೇಕು ಅಂತ ಹಟ ಹಿಡಿದ್ರು. ಮಿಲ್ಲಿನ ಸಾಹುಕಾರ್ರು ನನ್ನ ಕರಸಿದ್ರು. ಮಾಲಿನ ಮ್ಯಾಲೆ ಗೀಚಿದ್ದಕ್ಕ ಹೋದ ವರ್ಷ ಒಬ್ಬನ್ನ ನಿಂತ ಕಾಲ ಮ್ಯಾಲೆ ಮನಿಗೆ ಕಳಿಸಿದವರು ಅವರು. ಆದ್ರೂ ದನಿ ಸಣ್ಣ ಮಾಡಲಿಲ್ಲ. ಬರದಾಂವ ನಾನ, ಅದು ನನ್ನ ಪಾಠ ಅಂತ ಒಪ್ಕೊಂಡೆ. ಸಾಹುಕಾರ್ರು ವ್ಯಾಪಾರಿಗಳಿಗೂ ಇದ್ದದ್ದು ಇದ್ದಂಗ ಹೇಳಿದ್ರು.

ವ್ಯಾಪಾರಿಗಳಿಗೆ ಸಿಟ್ಟ ಬಂತು. "ಕೊಡಾಕ ಮನಸ್ಸಿಲ್ಲಂದ್ರ ಇಲ್ಲ ಅನ್ರಿ. ಗುಮಾಸ್ತನ ಕೈಲೆ ಸುಳ್ಳ ಯಾಕ ಹೇಳಸ್ತೀರಿ?"

ಸಂಜಿಯೊಳಗ ಅಷ್ಟೂ ದಿಮ್ಮಿ ಖರೀದಿ ಆಗಿ ಅವರ ಲಾರಿ ಏರಿ ಹೋದ್ವು. ನಾ ಊಟದ ಡಬ್ಬಿ ಚೀಲಕ್ಕ ಹಾಕ್ಕೊಂಡು, ನನ್ನ ಕಥಿ ಮುಗೀತು ಅಂತ ಸಾಹುಕಾರ್ರ ಮುಂದ ನಿಂತೆ. ಅವರು ಟೇಬಲ್ಲಿನ ಖಾನಿ ಎಳದು, ಖಡುವಿನ ಹೊಸ ಪೆಟ್ಟಿಗಿ ನನ್ನ ಮುಂದಿಟ್ರು.

"ಗೇಟಿನ ಬಾಜೂಕ ಮೂರು ವರ್ಷದಿಂದ ಒಂದು ರಾಶಿ ಬಿದ್ದೈತಿ. ನಾಳಿನ ಪಾಠ ಅದರ ಮ್ಯಾಲೆ ಬರಿ."