ಯಜಮಾನರಿಲ್ಲದ ಸರಪಳಿ

ಬೆಳಗ್ಗೆ ಬಾಗಿಲು ತಟ್ಟಿದ ಲೈನ್‌ಮನ್, "ಕಂಬ ಬದಲಾಯಿಸ್ತಿದ್ದೀವಿ. ಈ ಸಾಲಿಗೆಲ್ಲ ಸಂಜೆವರೆಗೂ ಕರೆಂಟ್ ಇರಲ್ಲ," ಎಂದು ಹೇಳಿ ಪಕ್ಕದ ಮನೆಗೆ ನಡೆದ. ಕನ್ನಡಕದಂಗಡಿಯವರು ಹಲ್ಲುಜ್ಜುವ ಬ್ರಷ್ ಬಾಯಲ್ಲಿಟ್ಟುಕೊಂಡೇ ಗರ ಬಡಿದವರಂತೆ ನಿಂತುಬಿಟ್ಟರು.

ಬೇರೆಯವರಾಗಿದ್ದರೆ ಒಂದು ದಿನ ಬೀಸಣಿಗೆ ಹಿಡಿದು ಕಳೆಯುತ್ತಿದ್ದರು. ಇವರ ಮನೆಗೇ ಅಂಟಿಕೊಂಡ ಅಂಗಡಿಯ ಹಿಂದಿನ ಕೋಣೆಯಲ್ಲಿ ಮಾತ್ರ ಒಂದು ಕಂಪ್ಯೂಟರ್ ಪೆಟ್ಟಿಗೆ ಇತ್ತು. ಅದು ಬ್ಲಾಕ್‌ಚೈನ್ ಜಾಲವೊಂದರ ಕೊಂಡಿ. ಲೋಕದ ಯಾವುದೋ ಮೂಲೆಯಲ್ಲಿ ಯಾರೋ ಒಂದು ಹೊಲ ಕೊಂಡರೆ, ಹಾಡು ಕಟ್ಟಿ ಇದು ನನ್ನದೆಂದು ದಾಖಲಿಸಿದರೆ, ಆ ಮಾತು ಹಿಂದಿನ ಮಾತಿಗೆ ಸರಪಳಿಯಂತೆ ಹೆಣೆದುಕೊಂಡು, ಜಾಲದ ಎಲ್ಲ ಪೆಟ್ಟಿಗೆಗಳ ಜೊತೆ ಇವರ ಪೆಟ್ಟಿಗೆಗೂ ಬಂದು ಸೇರುತ್ತಿತ್ತು. ಆಗ ಹಸಿರು ದೀಪ ಒಮ್ಮೆ ಮಿನುಗುತ್ತಿತ್ತು. ಇವರಿಗೆ ಪ್ರತಿ ಸಲವೂ ಮೈ ಜುಮ್ಮೆನ್ನುತ್ತಿತ್ತು.

"ಇದಕ್ಕೆ ರಾಜ ಇಲ್ಲ, ಯಜಮಾನ ಇಲ್ಲ, ನಡುಮನೆ ಅಂತ ಒಂದಿಲ್ಲ. ಮೂರನೇ ಸಾಲು ಓದಿ. ಒಂದು ಪೆಟ್ಟಿಗೆ ಬಿದ್ರೆ ಸಾವಿರ ಪೆಟ್ಟಿಗೆ ಹೊತ್ಕೊಳ್ಳುತ್ತೆ. ಈಗ ನಾಲ್ಕನೇದು ಓದಿ," ಎಂದು ಕಣ್ಣು ತೋರಿಸಲು ಬಂದವರಿಗೂ ಉಪದೇಶ ನಡೆಯುತ್ತಿತ್ತು. ಬೀದಿಯವರು ಅವರಿಗೆ 'ಸರಪಳಿ ಸಾರ್' ಎಂದು ಹೆಸರಿಟ್ಟಿದ್ದರು.

"ಸಾವಿರ ಪೆಟ್ಟಿಗೆ ಇದ್ಯಲ್ಲ, ಇವತ್ತೊಂದಿನ ನಿಮ್ಮದು ಮಲಗ್ಲಿ ಬಿಡಿ," ಎಂದರು ಹೆಂಡತಿ.

"ಎಲ್ರೂ ಹಾಗೇ ಅಂದ್ಕೊಂಡ್ರೆ ಏನೇ ಗತಿ?" ಎಂದ ಸರಪಳಿ ಸಾರ್, ಪೆಟ್ಟಿಗೆಯನ್ನೂ ಅದರ ಬ್ಯಾಟರಿಯನ್ನೂ ತಂತಿ ಬಿಡಿಸದೆ ಎದೆಗವುಚಿಕೊಂಡು, ಇಂಟರ್‌ನೆಟ್ಟಿಗೆ ಮೊಬೈಲನ್ನು ಜೇಬಿಗೆ ಹಾಕಿಕೊಂಡು ಬೀದಿಗಿಳಿದರು. ಬ್ಯಾಟರಿ ಹಸಿದ ಕೋಳಿಮರಿಯಂತೆ ಕೀಂಯ್ ಕೀಂಯ್ ಎನ್ನುತ್ತಿತ್ತು.

ಎದುರು ಸಾಲಿನಲ್ಲಿ ಕರೆಂಟ್ ಇತ್ತು. ಕ್ಷೌರದಂಗಡಿಯವ ಉದಾರಿ. "ಅದಕ್ಕೇನಂತೆ, ಚುಚ್ಕೊಳ್ಳಿ ಸಾರ್," ಎಂದ. ಕೀಂಯ್ ನಿಂತಿತು. ಆದರೆ ಗಿರಾಕಿಯ ತಲೆ ಅರ್ಧ ಮುಗಿಸಿದಾಗ ಚಾರ್ಜ್ ಮುಗಿದು ಅವನ ಮಶಿನ್ ನಿಂತುಹೋಯಿತು. ಅವನು ಯೋಚನೆಯೇ ಮಾಡದೆ ಸರಪಳಿ ಸಾರ್ ಪ್ಲಗ್ ಕಿತ್ತು ತನ್ನದನ್ನು ಚುಚ್ಚಿದ. ಇವರು ಅದನ್ನು ಕಿತ್ತು ತಮ್ಮದನ್ನು ಚುಚ್ಚಿದರು.

"ಸಾರ್, ಇವರ ಮದುವೆ ಮಾತುಕತೆ ಇದೆ ಇವತ್ತು!"

"ಲೋಕದ ಹೊಲಗದ್ದೆ ಎಲ್ಲ ಇದರಲ್ಲಿದೆಯಪ್ಪಾ!"

"ನನ್ನ ಅರ್ಧ ತಲೆ ಅವರ ಕೈಯಲ್ಲಿದೆ," ಎಂದು ಗಿರಾಕಿ ಎದ್ದು ನಿಂತಾಗ ಸರಪಳಿ ಸಾರ್ ಪೆಟ್ಟಿಗೆ ಎತ್ತಿಕೊಂಡು ಜಾಗ ಖಾಲಿ ಮಾಡಿದರು.

ಮುಂದಿನದು ಟೈಲರ್ ಅಕ್ಕನ ಅಂಗಡಿ. ಅಕ್ಕ ಇಸ್ತ್ರಿಪೆಟ್ಟಿಗೆಯ ಪಕ್ಕದಲ್ಲೇ ಜಾಗ ಕೊಟ್ಟರು. ಎರಡೂ ಒಂದೇ ಬೋರ್ಡಿನಲ್ಲಿ ಉಸಿರಾಡಲು ಹೋಗಿ ಫ್ಯೂಸ್ ಢಬ್ಬೆಂದಿತು. ಅಂಗಡಿ ಕತ್ತಲಾಯಿತು. ಕತ್ತಲಲ್ಲಿ ಕೋಳಿಮರಿ ಮತ್ತೆ ಕೂಗತೊಡಗಿತು.

"ಅಯ್ಯೋ ನನ್ನ ಕರ್ಮವೇ," ಎಂದು ಅಕ್ಕ ಕತ್ತರಿ ಹುಡುಕುತ್ತ, "ಸಾರ್, ಮೂಲೇಲಿ ಆ ಗಾಜಿನ ಕಟ್ಟಡ ಇದ್ಯಲ್ಲ, ಅಲ್ಲಿ ಕಂಪ್ಯೂಟರ್‌ಗಳನ್ನ ಬಾಡಿಗೆಗೆ ಇಟ್ಕೋತಾರಂತೆ. ಕರೆಂಟ್ ಹೋಗೋದೇ ಇಲ್ವಂತೆ. ದಯವಿಟ್ಟು ಅಲ್ಲಿಗೆ ಹೋಗಿ," ಎಂದರು.

ಗಾಜಿನ ಕಟ್ಟಡದ ಮ್ಯಾನೇಜರು ಸಜ್ಜನರು. ಬೆವರಿನಲ್ಲಿ ಮಿಂದವರ ಕೈಯಲ್ಲಿ ಅಳುವ ಪೆಟ್ಟಿಗೆ ಕಂಡು ಮರುಗಿ, "ಬನ್ನಿ ಬನ್ನಿ, ಸಂಜೆವರೆಗೆ ತಾನೇ," ಎಂದು ಒಳಗೆ ಕರೆದೊಯ್ದರು.

ದಪ್ಪ ಬಾಗಿಲು ತೆರೆದದ್ದೇ ಸರಪಳಿ ಸಾರ್ ಬಾಯಿಯೂ ತೆರೆಯಿತು. ತಣ್ಣನೆಯ ಗಾಳಿ. ಕಣ್ಣು ಹಾಯುವಷ್ಟು ದೂರ ಕಪಾಟುಗಳ ಸಾಲು, ಪ್ರತಿ ಕಪಾಟಿನ ತುಂಬ ಪೆಟ್ಟಿಗೆಗಳು. ಒಂದು ದೊಡ್ಡ ಜೇನುಗೂಡಿನ ಒಳಗೆ ನಿಂತಂತೆ ಗುಂಯ್ ಎನ್ನುವ ಸದ್ದು ಅಂಗಾಲಿನಿಂದ ಏರಿ ಹಲ್ಲಿನವರೆಗೆ ಬರುತ್ತಿತ್ತು. ಅಷ್ಟರಲ್ಲಿ ಅವರ ಪೆಟ್ಟಿಗೆಯ ಹಸಿರು ದೀಪ ಮಿನುಗಿತು. ಅದೇ ಕ್ಷಣ ಅಲ್ಲಿದ್ದ ಸಾವಿರ ಹಸಿರು ದೀಪಗಳೂ ಮಿನುಗಿದವು. ಆಕಾಶವೇ ಒಮ್ಮೆ ರೆಪ್ಪೆ ಹೊಡೆದಂತಾಯಿತು.

"ಇವೆಲ್ಲ..." ಎಂದರು ಸರಪಳಿ ಸಾರ್.

"ನಿಮ್ಮ ಜಾಲದ್ದೇ ಸಾರ್. ಯಜಮಾನರು ಲೋಕದ ತುಂಬ ಇದ್ದಾರೆ, ಪೆಟ್ಟಿಗೆಗಳು ಮಾತ್ರ ಇಲ್ಲಿವೆ. ಬಾಡಿಗೆ ಕಡಿಮೆ ನೋಡಿ. ಹೊರಗೆ ಉಳಿದದ್ದು ಒಂದೇ ಒಂದು. ಯಾರದಪ್ಪಾ ಅದು ಅಂತ ನಾವೂ ಮಾತಾಡ್ಕೋತಿದ್ವಿ." ಮ್ಯಾನೇಜರು ಪ್ರೀತಿಯಿಂದ ಪೆಟ್ಟಿಗೆಯ ತಲೆ ಸವರಿದರು. "ಕೊನೆಗೂ ಬಂತಲ್ಲ."

ಆಕಾಶ ತುಂಬಿದ ನಕ್ಷತ್ರ ಎಂದುಕೊಂಡದ್ದೆಲ್ಲ ಒಂದೇ ಚಾವಣಿಯ ಕೆಳಗಿನ ಬಲ್ಬು! ಸರಪಳಿ ಸಾರ್ ಮುಖ ಮೊದಲು ಬಿಳಿಚಿತು, ಆಮೇಲೆ ಕೆಂಪಾಯಿತು.

"ನಾನಿಡಲ್ಲ. ಒಂದಾದ್ರೂ ಹೊರಗಿರ್ಬೇಕು," ಎಂದು ಪೆಟ್ಟಿಗೆಯನ್ನು ಬಿಗಿಯಾಗಿ ಅವುಚಿಕೊಂಡು ತಿರುಗಿದರು. ಬಾಗಿಲು ಮುಚ್ಚಿತ್ತು. ಪಕ್ಕದ ಗೋಡೆಯಲ್ಲಿ ಒಂದು ಕೆಂಪು ಗುಂಡಿ. ಕೈ ಖಾಲಿ ಇಲ್ಲದ್ದರಿಂದ ಮೊಣಕೈಯಿಂದ ಒತ್ತಿದರು.

"ಅದಲ್ಲಾ ಸಾರ್! ಬಾಗಿಲಿಂದು ಬಿಳೀದು!"

ಗುಂಯ್ ಎನ್ನುತ್ತಿದ್ದ ಸದ್ದು ಇಳಿಯುತ್ತ ಇಳಿಯುತ್ತ ನಿಂತಿತು. ದೀಪಗಳು ಸಾಲು ಸಾಲಾಗಿ ಆರಿದವು. ಇಂಥ ಮೌನವನ್ನು ಸರಪಳಿ ಸಾರ್ ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಆ ಕಗ್ಗತ್ತಲಲ್ಲಿ ಅವರ ಎದೆಯ ಮೇಲೆ ಒಂದೇ ಒಂದು ಹಸಿರು ಚುಕ್ಕೆ ಉಳಿದಿತ್ತು. ಕೀಂಯ್.

"ಬೆಂಕಿ ಬಿದ್ರೆ ಎಲ್ಲಾ ಆರಿಸೋ ಗುಂಡಿ ಅದು," ಎಂದರು ಮ್ಯಾನೇಜರು. "ಮತ್ತೆ ಶುರು ಮಾಡೋಕೆ ಸಂಜೆ ಆಗುತ್ತೆ. ಅಲ್ಲೀವರೆಗೆ ಆ ಜಾಲ ಅನ್ನೋದು ಏನಿದ್ಯೋ ಅದು ನಿಮ್ಮ ಕೈಯಲ್ಲಿದೆ. ಎಡವಬೇಡಿ ಸಾರ್."

ಅದೇ ಹೊತ್ತಿಗೆ ಹೆಂಡತಿಯ ಫೋನು ಬಂತು. "ಕಂಬದ ಕೆಲಸ ಬೇಗ ಮುಗೀತು. ಕರೆಂಟ್ ಬಂದಿದೆ. ಊಟಕ್ಕೆ ಬನ್ನಿ."

ಆ ಬೀದಿ ಅಂಥ ಮೆರವಣಿಗೆ ಕಂಡಿರಲಿಲ್ಲ. ಮುಂದೆ ಮ್ಯಾನೇಜರು ಸೈಕಲ್ಲುಗಳನ್ನು ತಡೆಯುತ್ತ, ನಡುವೆ ಸರಪಳಿ ಸಾರ್ ತುಂಬಿದ ಕೊಡ ಹೊತ್ತವರಂತೆ ಹೆಜ್ಜೆ ಇಡುತ್ತ, ಹಿಂದೆ ವಿಷಯ ತಿಳಿದು ಕತ್ತರಿ ಹಿಡಿದೇ ಓಡಿಬಂದ ಅಕ್ಕ, ಅವರ ಹಿಂದೆ ಕ್ಷೌರದಂಗಡಿಯವ. ಹಿಂದಿನ ಕೋಣೆಯಲ್ಲಿ ಪ್ಲಗ್ ಚುಚ್ಚಿದಾಗ ಬ್ಯಾಟರಿ ಕೊನೆಯುಸಿರಿನಲ್ಲಿತ್ತು.

ಎಲ್ಲರೂ ಉಸಿರು ಬಿಗಿಹಿಡಿದು ನಿಂತರು. ಹಸಿರು ದೀಪ ಮಿನುಗಿತು. ಎಲ್ಲೋ ಯಾರೋ ಒಂದು ಹೊಲ ಕೊಂಡಿದ್ದರು. ಲೋಕಕ್ಕೆ ಏನಾಗಿದೆಯೆಂದು ಕೊಂಡವರಿಗೆ ಗೊತ್ತೇ ಇರಲಿಲ್ಲ. ಟೈಲರ್ ಅಕ್ಕ ತಮಗರಿವಿಲ್ಲದೆ ಕೈಮುಗಿದರು. ಮಾತಿಗೊಂದು ಕೊಂಕು ತೆಗೆಯುವ ಹೆಂಡತಿಯೂ ಮಣೆ ತಂದು ಸದ್ದಿಲ್ಲದೆ ಗಂಡನ ಪಕ್ಕ ಕುಳಿತು, "ಇಷ್ಟು ಚಿಕ್ಕದು, ಅಷ್ಟೊಂದು ಹೊತ್ತಿದ್ಯಲ್ಲಾ!" ಎಂದರು. ಮದುವೆಯಾದಾಗಿನಿಂದ ಸರಪಳಿ ಸಾರ್ ಕಾದಿದ್ದ ಮಾತು ಅದು. ಅವರ ಕನ್ನಡಕ ಮಂಜಾಯಿತು.

ಸಂಜೆ ಗಾಜಿನ ಕಟ್ಟಡದ ಪೆಟ್ಟಿಗೆಗಳು ಒಂದೊಂದಾಗಿ ಎದ್ದು, ಇವರ ಪೆಟ್ಟಿಗೆಯಿಂದಲೇ ತಪ್ಪಿದ ಪಾಠ ಕಲಿತುಕೊಂಡವು. ಸರಪಳಿ ಸಾರ್ ಇನ್ನೇನು ಬೆನ್ನು ಚಾಚಬೇಕು, ಹೊರಗೆ ಗಡಗಡ ಸದ್ದು. ಬಾಗಿಲಲ್ಲಿ ಮ್ಯಾನೇಜರು. ಅವರ ಹಿಂದೆ ಬೀದಿಯ ತಿರುವಿನವರೆಗೂ ತಳ್ಳುಗಾಡಿಗಳ ಸಾಲು, ಗಾಡಿಗಳ ತುಂಬ ಪೆಟ್ಟಿಗೆಗಳು.

"ಏನ್ರೀ ಇದು?"

"ಯಜಮಾನರೆಲ್ಲ ಮತ ಹಾಕಿದ್ರು ಸಾರ್. ನಮ್ಮ ಕಟ್ಟಡದ ಮೇಲೆ ನಂಬಿಕೆ ಹೋಯ್ತಂತೆ. ಇವತ್ತು ಲೋಕದಲ್ಲಿ ಆರದೆ ಉಳಿದದ್ದು ಒಂದೇ ಜಾಗ. ಎಲ್ಲಾ ಪೆಟ್ಟಿಗೆನೂ ಅಲ್ಲೇ ಇರ್ಲಿ ಅಂತ ತೀರ್ಮಾನ ಆಗಿದೆ."

"ನಾನು ಒಪ್ಪಿಲ್ಲ! ಮತ ಕೇಳಿದಾಗ್ಲೇ ಬೇಡ ಅಂತ ಹಾಕಿದ್ದೀನಿ!"

"ಹೌದು ಸಾರ್, ಅದೂ ದಾಖಲಾಗಿದೆ. ಆ ಕಡೆ ಬಿದ್ದಿದ್ದು ಅದೊಂದೇ," ಎಂದರು ಮ್ಯಾನೇಜರು ಮೊದಲ ಗಾಡಿಯನ್ನು ಹೊಸಿಲು ದಾಟಿಸುತ್ತ. "ಅಮ್ಮಾ, ಇದನ್ನ ಅಡುಗೆಮನೇಲಿಡ್ಲಾ, ಮಲಗೋ ಕೋಣೇಲಾ?"