ದೊಡ್ಡಪ್ಪನ ಮಡಿ ಪ್ಲಗ್ಗು

ಬಸದಿಗೆ ಹೋಗುವವರು ಮಡಿ ಉಡುವುದನ್ನು ನೀವು ಕಂಡಿರಬಹುದು. ಕರೆಂಟಿಗೆ ಮಡಿ ಉಡಿಸಿದವರನ್ನು ಕಂಡಿದ್ದೀರಾ? ನಾನು ಕಂಡಿದ್ದೇನೆ. ಹಳೇಬೀಡಿನಲ್ಲಿ ಕೊಬ್ಬರಿ ವ್ಯಾಪಾರ ಮಾಡಿಕೊಂಡಿದ್ದ ನಮ್ಮ ದೊಡ್ಡಪ್ಪ!

ಸಾವಿರದ ಒಂಬೈನೂರ ಎಂಬತ್ತರ ಆಸುಪಾಸು. ದೊಡ್ಡಪ್ಪ ದೊಡ್ಡದೊಂದು ಟೇಪ್ ರೆಕಾರ್ಡರ್ ತಂದರು. ಅವರ ತಾಯಿ, ಅಂದರೆ ನಮ್ಮಜ್ಜಿ, ಹಾಡುತ್ತಿದ್ದ ಜಿನಸ್ತುತಿಗಳು ಊರಲ್ಲಿ ಮತ್ತಾರಿಗೂ ಬರುತ್ತಿರಲಿಲ್ಲ. ಅಜ್ಜಿಯ ದನಿಯೋ ದಿನೇ ದಿನೇ ಉಡುಗುತ್ತಿತ್ತು. ಅಷ್ಟರೊಳಗೆ ಹಿಡಿದಿಡಬೇಕೆಂದು ಇವರ ಹಟ. ಹಿಡಿದು ಕೇಳಿದರೆ ಹಾಡಿಗಿಂತ ಮುಂಚೆ 'ಗುಂಯ್' ಎಂಬ ಸದ್ದು. ಹಿತ್ತಿಲ ಬಾವಿಯ ಮೋಟಾರು ಅಜ್ಜಿಗೆ ಶ್ರುತಿ ಹಿಡಿಯುತ್ತಿತ್ತು.

"ಮೋಟಾರು ನಿಲ್ಸಿ ಹಾಡ್ಸಿದ್ರೆ ಆಗಲ್ವೇನ್ರೀ?" ಎಂದರು ದೊಡ್ಡಮ್ಮ.

ಇಷ್ಟು ಸುಲಭದ ದಾರಿ ದೊಡ್ಡಪ್ಪನಿಗೆ ಒಗ್ಗೀತೆ?

"ಕರೆಂಟನ್ನ ನೆಲಕ್ಕಿಳಿಸೋ ಅರ್ಥ್ ವೈರು ಮೈಲಿಗೆಯಾಗೈತೆ ಕಣೇ. ಮೋಟಾರಿನ ಗಲೀಜೆಲ್ಲ ಅದರಲ್ಲೇ ಬತ್ತೈತೆ. ಟೇಪಿಗೆ ಬೇರೆ ಅರ್ಥೇ ಬೇಕು. ಪ್ಲಗ್ಗಿನಿಂದ ನೆಲದ ತನಕ ಯಾವ ವೈರಿಗೂ, ಯಾವ ಕಬ್ಬಿಣಕ್ಕೂ ಸೋಕಬಾರದು."

ಹೊಸ ಅರ್ಥಿಗೆಂದು ಗುಂಡಿ ತೋಡಲು ಗುದ್ದಲಿ ಎತ್ತಿದರೆ ಅಲ್ಲೊಂದು ಇರುವೆ ಗೂಡು. ಜೈನರ ಮನೆಯಲ್ಲಿ ಇರುವೆಯ ಮೇಲೆ ಗುದ್ದಲಿ ಬೀಳುವುದುಂಟೇ? ದೊಡ್ಡಪ್ಪ ಬೇಲಿಯವರೆಗೆ ಸಕ್ಕರೆಯ ಗೆರೆ ಎಳೆದು, ಅವು ಗುಳೆ ಹೋಗಲೆಂದು ಮಣೆ ಹಾಕಿಕೊಂಡು ಕೂತರು. ಇರುವೆಗಳು ಬೇಲಿಯ ಸಕ್ಕರೆಯನ್ನೂ ಗೂಡಿಗೇ ಹೊತ್ತು ತಂದವು. ಕೊನೆಗೆ ಗುಂಡಿಯೇ ಜಾಗ ಬದಲಿಸಿತು.

ಗುಂಡಿಗೆ ಇದ್ದಿಲು, ಉಪ್ಪು ಸುರಿದು ಕೊಳವೆ ನೆಟ್ಟರು. "ಉಪ್ಪಿನಕಾಯಿ ಹಾಕ್ತಿದ್ದೀರೋ, ಹೆಂಗೆ?" ಎಂದು ದೊಡ್ಡಮ್ಮ ಖಾಲಿಯಾದ ಉಪ್ಪಿನ ಡಬ್ಬಿ ತೋರಿಸಿದರು. ನೆಲ ಒಣಗಬಾರದೆಂದು ದಿನಾ ಬೆಳಿಗ್ಗೆ ಚೊಂಬಿನಲ್ಲಿ ನೀರು ಬೇರೆ. ದಾರಿಹೋಕರು ಯಾವ ಗಿಡವೆಂದು ಕೇಳಿ ಹೋಗುತ್ತಿದ್ದರು.

ಪ್ಲಗ್ಗು ಕೂರಿಸುವ ಗೋಡೆಯ ತಗಡಿನ ಡಬ್ಬಿಗೆ ಅರ್ಥ್ ವೈರು ತಾಗದಂತೆ ಸೈಕಲ್ ಟ್ಯೂಬಿನ ತುಂಡು ಕೂರಿಸಿದ್ದಾಯಿತು. ನಾನು ಇಸ್ತ್ರಿ ಪೆಟ್ಟಿಗೆ ಹಿಡಿದು ಹತ್ತಿರ ಹೋದರೆ, "ಮುಟ್ಟಬೇಡ ಕಣೇ, ಅದು ಮಡೀಲೈತೆ" ಎಂದು ಗದರಿದರು.

ಅಂತೂ ಒಂದು ಸಂಜೆ, ಮೋಟಾರು ಓಡುತ್ತಿರುವಾಗಲೇ ಅಜ್ಜಿಯನ್ನು ಕೂರಿಸಿದರು. ಮೊದಲು ಒಂದೆರಡು ಮಾತು ಹಿಡಿದು ಕೇಳಿದರೆ, ಗುಂಯ್ ಸದ್ದಿಲ್ಲ! ಅಜ್ಜಿ ಒಂದು ನುಡಿ ಹಾಡಿ ನಿಲ್ಲಿಸಿದರು. ಟೇಪು ಓಡುತ್ತಲೇ ಇತ್ತು; ದೊಡ್ಡಪ್ಪ ಮುಂದೆ ಹಾಡುವಂತೆ ಸನ್ನೆ ಮಾಡಿದರು. ಅಜ್ಜಿ ಕಿಟಕಿಯಾಚೆ ನೋಡಿದರು.

"ಸಾಕು ಕಣಪ್ಪಾ, ಹೊತ್ತು ಮುಳುಗ್ತಾ ಐತೆ. ಆಮೇಲೆ ಉಣ್ಣಂಗಿಲ್ಲ. ಮಧ್ಯಾಹ್ನಾನೂ ನೀನು ಸರಿಯಾಗಿ ಉಂಡಿಲ್ಲ. ಏಳು, ಉಣ್ಣು ಬಾ."

ಮಾರನೆಯ ದಿನ ಮುಂದುವರಿಸುವುದಾಗಲಿಲ್ಲ. ಅಜ್ಜಿ ಹಾಸಿಗೆ ಹಿಡಿದರು, ಮತ್ತೆ ಆ ದನಿ ಏಳಲಿಲ್ಲ. ಸ್ತುತಿಗಳೆಲ್ಲ ಅವರ ಜೊತೆಗೇ ಹೋದವು. ನನಗೆ ಈಗಲೂ ಅದು ಸಂಕಟವೇ.

ದೊಡ್ಡಪ್ಪ ಮಾತ್ರ ದಿನವೂ ಹೊತ್ತು ಮುಳುಗುವ ಮುಂಚೆ ಆ ಟೇಪು ಹಾಕುತ್ತಿದ್ದರು. "ಏಳು, ಉಣ್ಣು ಬಾ" ಎಂದು ಅಜ್ಜಿ ಕರೆಯುವ ತನಕ ಕಾದು, "ಬಂದೆ ಕಣಮ್ಮ" ಎಂದು ಎದ್ದು ಕೈ ತೊಳೆಯಲು ಹೋಗುತ್ತಿದ್ದರು.