ಹಳೇ ಕೊಲೆ, ಹೊಸ ಕೊಲೆ ಮತ್ತು ಡೊಂಬಿವಲಿಯ ನಾನು

ಒಂಟಿಯಾಗಿ ಇರುವವನ ಬದುಕಿನಲ್ಲಿ ಏನೂ ನಡೆಯುವುದಿಲ್ಲ ಎಂದು ಸಂಸಾರಸ್ಥರು ತಿಳಿದಿದ್ದಾರೆ. ನಡೆಯುತ್ತಲೇ ಇರುತ್ತದೆ. ಪಕ್ಕದಲ್ಲಿ ನಗುವುದಕ್ಕೆ ಇನ್ನೊಬ್ಬರು ಇರುವುದಿಲ್ಲ, ಅಷ್ಟೇ.

ನನಗೆ ಮುಂಬಯಿ ಪಕ್ಕದ ಬೇಲಾಪುರದ ಆಫೀಸಿಗೆ ವರ್ಗವಾದಾಗ ಹೆಂಡತಿ ಮೈಸೂರಿನ ಕಾಲೇಜಿನ ಕೆಲಸ ಬಿಡುವ ಹಾಗಿರಲಿಲ್ಲ. ನಾನೊಬ್ಬನೇ ಬಂದು ಡೊಂಬಿವಲಿಯಲ್ಲಿ ಬಾಡಿಗೆಗೆ ಫ್ಲ್ಯಾಟು ಹಿಡಿದೆ. ಸಂಜೆ ಬಾಗಿಲು ಹಾಕಿಕೊಂಡರೆ ಊಟಕ್ಕೆ ಮೊಸರನ್ನ, ಜೊತೆಗೆ ಕೊಲೆಯ ಕಥೆಗಳು. ಕೊಲೆಯೇ ಯಾಕೆ ಎಂದರೆ, ಅಂಥ ಕಥೆಯಲ್ಲಿ ಮನೆ ತುಂಬ ಜನ ಇರುತ್ತಾರೆ. ನಮ್ಮ ಅಜ್ಜನ ಕಾಲದ ಕೊಲೆಯನ್ನೂ ಈಗಿನ ಕೊಲೆಯನ್ನೂ ಪಕ್ಕಪಕ್ಕ ಇಟ್ಟುಕೊಂಡು ಓದಿ, ಯಾವುದು ಮೇಲು ಎಂದು ನೋಡುವುದು ನನ್ನ ಚಟವಾಯಿತು. ಅದು ತಂದಿಟ್ಟ ಫಜೀತಿಗಳು ಒಂದೆರಡಲ್ಲ.

ಅಡುಗೆಯವನ ಪುರುಸೊತ್ತು

ಹತ್ತಿರದ ಠಾಣೆ ಪಟ್ಟಣದ ಒಂದು ಕನ್ನಡ ಸಂಘದಲ್ಲಿ ಎರಡು ಕಪಾಟಿನ ಲೈಬ್ರರಿ ಇತ್ತು. ಭಾನುವಾರ ಅದರ ಬೀಗ ತೆಗೆಯುತ್ತಿದ್ದವರು ಉಡುಪಿ ಕಡೆಯ ಹಿರಿಯರು. ಜೀವಮಾನವೆಲ್ಲ ಹೋಟೆಲು ನಡೆಸಿ, ಈಗ ಮಗನಿಗೆ ಬಿಟ್ಟುಕೊಟ್ಟವರು. ಬಹಳ ವಾರ ಅಲ್ಲಿ ನಾವಿಬ್ಬರೇ.

ಒಂದು ಸಲ ಹಳೆಯ ಮಾಸಪತ್ರಿಕೆಯೊಂದನ್ನು ಅವರ ಮುಂದೆ ಹಿಡಿದೆ. ಒಂಟಿ ಬಂಗಲೆ, ಊಟದ ಮೇಜಿನ ಮೇಲೇ ಪ್ರಾಣ ಬಿಟ್ಟ ಜಮೀನ್ದಾರ. ಕಡೆಯ ಪುಟ ಮಾತ್ರ ಇಲ್ಲ.

"ಕೊಂದವನು ಅಡುಗೆಯವನೇ ಇರಬೇಕು," ಎಂದೆ. "ಹಳೆಯ ಕಥೆಗಳಲ್ಲಿ ಯಾವಾಗಲೂ ಅವನೇ."

ಹಿರಿಯರಿಗೆ ಸಿಟ್ಟು ಬಂತು. "ಎಂತದು ಮಾರಾಯ್ರೆ! ಬರೆದವ ಅಡುಗೆಮನೆ ಒಳಗೆ ಹೋದವನೇ ಅಲ್ಲ. ಊಟದ ಹೊತ್ತಿಗೆ ಅಡುಗೆಯವನಿಗೆ ಬೆವರು ಒರೆಸ್ಲಿಕ್ಕೆ ಪುರುಸೊತ್ತಿಲ್ಲ. ಕೊಲೆ ಮಾಡ್ತಾನಾ?"

"ಹೊಸ ಕಥೆಗಳಲ್ಲಿ ಕಂಪ್ಯೂಟರಿನವರು ಕೊಲ್ಲುತ್ತಾರೆ, ಆಫೀಸರುಗಳು ಕೊಲ್ಲುತ್ತಾರೆ."

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ ತಲೆಯಾಡಿಸಿದರು. "ಅದು ಸರಿ. ಅವರಿಗೆ ಶನಿವಾರ, ಭಾನುವಾರ ರಜೆ ಉಂಟಲ್ಲ."

ಹೆಣಕ್ಕೆ ಜಾಗ

ರೈಲಿನಲ್ಲಿ ನನಗೊಬ್ಬ ಗೆಳೆಯ ಸಿಕ್ಕಿದ್ದ, ಹುಬ್ಬಳ್ಳಿಯವನು. ಡೊಂಬಿವಲಿಯಿಂದ ಠಾಣೆಯವರೆಗೆ ಒಬ್ಬರ ಬೆನ್ನಿಗೆ ಒಬ್ಬರು ಅಂಟಿಕೊಂಡೇ ಮಾತಾಡುತ್ತಿದ್ದೆವು. ಅವನದು ಹಳೆಯ ಕಥೆಗಳ ಪಕ್ಷ.

"ಮೊದಲ ಮಳಿ ಬರ್ತಿತ್ತು, ಆಮ್ಯಾಲೆ ದೀಪ ಹೋಗ್ತಿತ್ತು, ಆಮ್ಯಾಲೆ ಯಾರೋ ಚೀರ್ತಿದ್ರು. ಎಷ್ಟು ಛಲೋ ಇತ್ತು! ಈಗಿನವರು ಮೊದಲನೇ ಸಾಲಿಗೇ ಹೆಣಾ ಬೀಳಸ್ತಾರ್ರೀ."

"ಈಗಿನವರ ಕಷ್ಟವನ್ನೂ ನೋಡಿ," ಎಂದೆ. "ಆಗ ಹಾಳುಬಾವಿ ಇತ್ತು, ಕಾಡಿತ್ತು. ಈಗ ಕೊಂದ ಮೇಲೆ ಹೆಣವನ್ನು ಎಲ್ಲಿ ಹಾಕೋದು?"

ಗೆಳೆಯ ಗಂಭೀರವಾಗಿ ಯೋಚಿಸಿದ. "ದಿವಾ ಸ್ಟೇಶನ್ ಹತ್ರ ಸಮುದ್ರದ ಖಾಡಿ ಅದಲ್ಲ, ಆ ಕೆಸರಿನಾಗ ಒಗದ್ರ ಯಾರಿಗೂ ಸಿಗಂಗಿಲ್ಲ."

ನಮ್ಮ ಸುತ್ತ ಆ ಗರ್ದಿಯಲ್ಲೂ ಒಂದು ಗೇಣು ಜಾಗವಾಯಿತು. ಇಷ್ಟು ಹೊತ್ತೂ ಕೇಳಿಸಿಕೊಳ್ಳುತ್ತಿದ್ದ ಸೊಲ್ಲಾಪುರದ ಕಡೆಯವನೊಬ್ಬ ಮಾತ್ರ ಮುಂದೆ ಬಂದು ಕಿಸೆಯಿಂದ ಕಾರ್ಡು ತೆಗೆದ.

"ಸರ್, ಆ ಜಾಗ ಈಗ ಖಾಲಿ ಇಲ್ರಿ. ಬಿಲ್ಡಿಂಗ್ ಎದ್ದಾವ. ಒಂದೆರಡು ಒನ್ ಬಿಎಚ್‌ಕೆ ಉಳದಾವ, ತೋರಸ್ಲೇನು?"

ಸಾಕ್ಷಿ

ಆ ಗೆಳೆಯನಿಗೂ ನಾಗಪುರಕ್ಕೆ ವರ್ಗವಾಯಿತು. ಆಮೇಲೂ ಅದೇ ಬೋಗಿಗೆ ಹತ್ತುತ್ತಿದ್ದೆ. ಕಥೆ ಓದಿ ಮುಗಿಸಿದರೆ ಹೇಳುವುದಕ್ಕೆ ಯಾರೂ ಇರಲಿಲ್ಲ.

ಒಂದು ರಜೆಯ ದಿನ ಹೆಂಡತಿಗೆ ಫೋನು ಮಾಡಿದೆ. "ನೋಡು, ಹಳೆಯ ಕಥೆಗಳಲ್ಲಿ ಪತ್ತೇದಾರ ಬಂದು ಕೇಳಿದರೆ ಪ್ರತಿಯೊಬ್ಬನಿಗೂ ಒಬ್ಬ ಸಾಕ್ಷಿ ಇರುತ್ತಿದ್ದ. ಪಕ್ಕದ ಮನೆಯವನು, ತೋಟದವನು, ಇಸ್ಪೀಟಿನ ಜೊತೆಗಾರ. ಈಗಿನ ಕಥೆಯಲ್ಲಿ ಕ್ಯಾಮೆರಾ ಬಂದು ಸಾಕ್ಷಿ ಹೇಳುತ್ತೆ."

"ಅದಕ್ಕೇನೀಗ?"

"ನಮ್ಮ ಬಿಲ್ಡಿಂಗಿನಲ್ಲಿ ಕ್ಯಾಮೆರಾನೂ ಇಲ್ಲ, ಇವತ್ತು ನನ್ನ ಜೊತೆ ಮಾತಾಡಿದವರೂ ಇಲ್ಲ. ಇಲ್ಲಿ ಯಾರದಾದರೂ ಕೊಲೆಯಾದರೆ ನಾನು ಸಿಕ್ಕಿಹಾಕಿಕೊಳ್ಳುತ್ತೇನೆ."

ಆ ಕಡೆಯಿಂದ ಮೂಗು ಸೇದಿದ ಸದ್ದು ಕೇಳಿತು. ಕಣ್ಣೀರು ಒರೆಸಿಕೊಳ್ಳುತ್ತಿದ್ದಾಳೆ ಎಂದುಕೊಂಡೆ.

"ಏನೂ ಹೆದರಬೇಡಿ," ಎಂದಳು. "ನಿಮ್ಮ ಮೇಲೆ ಅನುಮಾನ ಬರಬೇಕಾದರೂ ನೀವು ಅಲ್ಲಿದ್ದೀರಿ ಅಂತ ಮೊದಲು ಯಾರಿಗಾದರೂ ಗೊತ್ತಿರಬೇಕಲ್ಲ."

ಆಫ್ ಝಾಲಾ

ಒಂದು ಮಳೆಗಾಲ ಹಳಿಯ ಮೇಲೆ ನೀರು ನಿಂತು ರೈಲು ಬಂದ್ ಆಯಿತು. ಬೇಲಾಪುರದ ಆಫೀಸಿನ ಗೆಸ್ಟ್ ಹೌಸಿನಲ್ಲೇ ಕೆಲವು ದಿನ ಉಳಿದೆ. ಮೊಬೈಲು ನೀರು ಕುಡಿದು ಸತ್ತಿತ್ತು. ರೈಲು ಶುರುವಾದ ದಿನ ಬೆಳಿಗ್ಗೆ, ಕುರುಚಲು ಗಡ್ಡ, ರೇನ್‌ಕೋಟಿನ ಟೋಪಿ ಸಮೇತ ಮೆಟ್ಟಿಲು ಹತ್ತಿದೆ. ನನ್ನ ಬಾಗಿಲ ಮುಂದೆ ಇಡೀ ಬಿಲ್ಡಿಂಗು ನಿಂತಿದೆ. ಚಾವಿ ಮಾಡುವವನು ಬಾಗಿಲಿನ ಲ್ಯಾಚ್ ಬೀಗಕ್ಕೆ ತಂತಿ ತೂರಿಸುತ್ತಿದ್ದಾನೆ.

"ಕಾಯ್ ಝಾಲಾ?" ಎಂದು ಹಿಂದಿನಿಂದ ಮರಾಠಿಯಲ್ಲೇ ಏನಾಯಿತೆಂದು ಕೇಳಿದೆ.

"ಆಫ್ ಝಾಲಾ," ಎಂದ ಒಬ್ಬ, ತಿರುಗಿಯೂ ನೋಡದೆ. ಈ ಊರಿನಲ್ಲಿ ಜನ ಸಾಯುವುದಿಲ್ಲ, ಆಫ್ ಆಗುತ್ತಾರೆ.

"ಯಾರು?"

"ಇಲ್ಲಿದ್ದನಲ್ಲ, ಮದ್ರಾಸಿ."

ಬಾಗಿಲಿಗೆ ಕಟ್ಟಿದ ಚೀಲದಲ್ಲಿ ಹಾಲಿನ ಪ್ಯಾಕೆಟ್ಟುಗಳು ಕೊಳೆತು ಒಡೆದು ನಾರುತ್ತಿದ್ದವು. ಎದುರು ಮನೆಯ ಮರಾಠಿ ಆಜಿ ಸೆರಗಿನಿಂದ ಮೂಗು ಮುಚ್ಚಿಕೊಂಡೇ ಅಳುತ್ತಿದ್ದರು. "ಎಂಥಾ ಒಳ್ಳೆಯ ಮನುಷ್ಯ! ಜಗಳ ಇಲ್ಲ, ಗಲಾಟೆ ಇಲ್ಲ. ಇದ್ದಾನೋ ಇಲ್ಲವೋ ತಿಳಿಯುತ್ತಿರಲಿಲ್ಲ."

ನನ್ನ ಬಗ್ಗೆ ಇಷ್ಟು ಒಳ್ಳೆಯ ಮಾತನ್ನು ಆ ಊರಿನಲ್ಲಿ ಮೊದಲ ಸಲ ಕೇಳಿದ್ದು. ಇನ್ನೂ ಸ್ವಲ್ಪ ಕೇಳೋಣ ಎನ್ನಿಸಿ ಸುಮ್ಮನೆ ನಿಂತೆ.

ಎರಡನೇ ಮಹಡಿಯ ಕಾಕಾ ಬಾಯಿ ಹಾಕಿದರು. "ರದ್ದಿಯವನ ಹತ್ತಿರ ಕೊಲೆಯ ಪುಸ್ತಕ ಆರಿಸುತ್ತಿದ್ದುದನ್ನು ನಾನು ನೋಡಿದ್ದೇನೆ. ಹಾಲು ಬಾಗಿಲಲ್ಲೇ ಇದೆ, ಆಸಾಮಿ ಹೊರಗೆ ಬಂದಿಲ್ಲ. ಇದು ವಿಷವೇ."

"ಕಾಕಾ, ವಿಷ ಎಲ್ಲ ನಿಮ್ಮ ಕಾಲದ ಕಥೆ," ಎಂದ ಮೇಲಿನ ಮನೆಯ ತರುಣ. "ಈಗ ಮೊಬೈಲ್ ಲೊಕೇಶನ್ ತೆಗೆಸಬೇಕು."

ಹಳೇ ಕೊಲೆ, ಹೊಸ ಕೊಲೆ! ಅದೂ ನನ್ನದೇ! ಇಂಥ ಚರ್ಚೆಗೆ ಎಷ್ಟು ದಿನದಿಂದ ಹಪಹಪಿಸಿದ್ದೆ. ತಡೆಯಲಾಗಲಿಲ್ಲ.

"ಇಬ್ಬರೂ ತಪ್ಪು," ಎಂದೆ. "ಬಾಗಿಲ ಹೊರಗೆ ಅವನ ಚಪ್ಪಲಿ ಎಲ್ಲಿದೆ? ಚಪ್ಪಲಿ ಇಲ್ಲ ಎಂದರೆ ಮನುಷ್ಯ ಒಳಗಿಲ್ಲ."

ಎಲ್ಲರೂ ನೆಲ ನೋಡಿದರು. ಆಜಿ ನನ್ನ ಕಾಲು ನೋಡಿದರು. ನನ್ನ ಮುಖವನ್ನು ಅವರು ಎಂದೂ ಸರಿಯಾಗಿ ಕಂಡಿರಲಿಲ್ಲ. ಚಪ್ಪಲಿಯನ್ನು ಮಾತ್ರ ದಿನವೂ ಎದುರಿಗೇ ಕಂಡವರು.

"ಅವನ ಚಪ್ಪಲಿ!" ಎಂದು ಚೀರಿದರು. "ಇವನೇ ಕೊಂದದ್ದು! ಕೊಂದು ಚಪ್ಪಲಿ ಹಾಕಿಕೊಂಡು ಬಂದಿದ್ದಾನೆ!"

ತರುಣ ನನ್ನ ಕೈ ತಿರುಚಿ ಹಿಡಿದ. "ಸತ್ತವನು ನಾನೇ," ಎಂದೆ. ಯಾರೂ ಒಪ್ಪಲಿಲ್ಲ. ಇನ್ನೊಂದು ಕೈಯಿಂದ ಬೀಗದ ಕೈ ತೆಗೆದು ತೋರಿಸಿದೆ. "ನೋಡಿ, ಕೀಲಿಯೂ ಕದ್ದಿದ್ದಾನೆ," ಎಂದರು ಕಾಕಾ. ಕೊನೆಗೆ ಬಾಗಿಲು ತೆರೆದು, ಗೋಡೆಯ ಮೇಲಿದ್ದ ನನ್ನ ಮದುವೆಯ ಫೋಟೋದ ಪಕ್ಕದಲ್ಲಿ ನನ್ನನ್ನು ನಿಲ್ಲಿಸಿದರು. ಫೋಟೋದಲ್ಲಿ ತಲೆ ತುಂಬ ಕೂದಲಿತ್ತು. ಅದೊಂದು ದೊಡ್ಡ ಅಡ್ಡಿಯಾಯಿತು. ಕಡೆಗೆ ಮೂಗು ನೋಡಿ, ನಾನೇ ಎಂದು ತೀರ್ಪು ಕೊಟ್ಟರು.

ಆಜಿ ನಾಚಿಕೊಂಡು ಚಹಾ ಮಾಡಿ ತಂದರು. ಕಾಕಾ ಕುರ್ಚಿ ಎಳೆದು ಕೂತರು. ಅಷ್ಟು ವರ್ಷದಲ್ಲಿ ನನ್ನ ಮನೆಯೊಳಗೆ ಅಷ್ಟು ಜನ ಸೇರಿದ್ದು ಅದೇ ಮೊದಲು. ಲೋಟ ಸಾಲದೆ ಎದುರು ಮನೆಯಿಂದ ತರಿಸಬೇಕಾಯಿತು. ಬಿಲ್ಡಿಂಗಿನ ಸೊಸೈಟಿಯ ಸೆಕ್ರೆಟರಿ ಚಹಾ ಮುಗಿಸಿ ಎದ್ದು, ನನ್ನ ಹೆಗಲ ಮೇಲೆ ಕೈಯಿಟ್ಟು ಸಮಾಧಾನದ ಉಸಿರು ಬಿಟ್ಟರು.

"ನಿಮ್ಮ ಹೆಸರು ನಮಗೆ ಯಾರಿಗೂ ಗೊತ್ತಿಲ್ಲದೆ ಇದ್ದದ್ದು ಒಳ್ಳೆಯದಾಯಿತು ನೋಡಿ. ಗೊತ್ತಿದ್ದರೆ ಬೆಳಿಗ್ಗೆಯೇ ಕೆಳಗೆ ಬೋರ್ಡಿನ ಮೇಲೆ ಶ್ರದ್ಧಾಂಜಲಿ ಬರೆದುಬಿಡುತ್ತಿದ್ದೆ."